ಪದಕ್ಕೆ ಮೂವತ್ತು ಸೆಂಟು

ಪತ್ರಿಕೆಯವರು ಪದ ಎಣಿಸಿ ದುಡ್ಡು ತೆಗೆದುಕೊಳ್ಳುತ್ತಾರೆ.
ಪದಕ್ಕೆ ಮೂವತ್ತು ಸೆಂಟು, ಫೋಟೊಗೆ ಬೇರೆ.
ಅಡುಗೆಮನೆಯ ಮೇಜಿಗೆ ಕೂತು ಅಮ್ಮ
ನಾನು ಎರಡು ಪುಟ ಬರೆದದ್ದನ್ನು
ಪೆನ್ಸಿಲಿನಲ್ಲಿ ಹೊಡೆಯುತ್ತ ಹೋದಳು.
"ಬದುಕಿದ್ದಾಗ ಅವರು ಇಷ್ಟೊಂದು ಮಾತಾಡಿದ್ದರೇನೇ?"

ಉಳಿದದ್ದು:
ರೈನೊ ಲಾಹ್ತಿ, ಎಪ್ಪತ್ತನಾಲ್ಕು. ಕಾಗದದ ಗಿರಣಿಯಲ್ಲಿ ದುಡಿದವರು.
ಹೆಂಡತಿ ಎಲ್ಮಾ, ಮೂವರು ಮಕ್ಕಳು, ಐವರು ಮೊಮ್ಮಕ್ಕಳು.
ಬಯಲೆಂದರೆ ಪ್ರಾಣ. ಮಣ್ಣು ಮೇನಲ್ಲಿ.

ಮೇನಲ್ಲಿ, ಯಾಕೆಂದರೆ ಮಿಷಿಗನ್ನಿನ ಈ ತುದಿಯಲ್ಲಿ
ಫೆಬ್ರವರಿಯ ನೆಲಕ್ಕೆ ಗುದ್ದಲಿ ಹಾಕಿದರೆ
ಗುದ್ದಲಿಯೇ ಅಳುತ್ತದೆ.
ಅಲ್ಲಿಯವರೆಗೆ ಸ್ಮಶಾನದ ಕಲ್ಲುಕೋಣೆಯಲ್ಲಿ ಅಪ್ಪ ಕಾಯಬೇಕು.
ಕಾಯಲಿ. ಚಳಿಯಲ್ಲಿ ಅಲುಗಾಡದೆ ಕಾಯುವುದು
ಅವನಿಗೇನು ಹೊಸದೆ.

ಹೊಡೆದದ್ದನ್ನು ನಾನಿಲ್ಲಿ ಇಟ್ಟುಕೊಂಡಿದ್ದೇನೆ.
ಇದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.

ಕೆರೆ ಹೆಪ್ಪುಗಟ್ಟುವ ರಾತ್ರಿ ಅಪ್ಪ ಮಲಗುತ್ತಿರಲಿಲ್ಲ.
ಕಿಟಕಿ ಒಂದು ಗೇಣು ತೆರೆದು
ಮಂಜುಗಡ್ಡೆ ನರಳುವುದನ್ನು ಕೇಳುತ್ತಿದ್ದ,
ಹೆರಿಗೆ ಕೋಣೆಯ ಹೊರಗೆ ಕೂತವನ ಹಾಗೆ.
ನಾಲ್ಕು ಅಂಗುಲ ದಪ್ಪವಾಗದೆ ನಾವು ಕಾಲಿಡುವಂತಿಲ್ಲ.
ತಾನು ಎರಡಕ್ಕೇ ಇಳಿದಿರುತ್ತಿದ್ದ.

ಮಂಜಿನ ಮೇಲೆ ಎಳೆದೊಯ್ಯುವ ಅವನ ಮರದ ಗೂಡು,
ಒಲೆ ಒಂದು, ಬಕೆಟ್ಟು ಎರಡು, ನೆಲದಲ್ಲಿ ತೂತು.
ಅದರ ಗೋಡೆ ತುಂಬ ಅವನ ಲೆಕ್ಕ:
ಜನವರಿ ೩೦, ಬಡಗಣ ಗಾಳಿ, ಪರ್ಚ್ ನಾಲ್ಕು.
ಫೆಬ್ರವರಿ ೨, ಏನೂ ಇಲ್ಲ.
ಫೆಬ್ರವರಿ ೯, ಪಡುವಣ ಗಾಳಿ, ಪರ್ಚ್ ಹನ್ನೊಂದು, ಹುಡುಗಿ.

ಆ ಹುಡುಗಿ ನಾನು.
ಮೀನಿನ ಬಕೆಟ್ಟು ಹಿಡಿದೇ ಆಸ್ಪತ್ರೆಗೆ ಬಂದನಂತೆ,
ನರ್ಸುಗಳಿಗೆ ಹಂಚಿದನಂತೆ, ಸಕ್ಕರೆ ಹಂಚಿದ ಹಾಗೆ.
ಅಮ್ಮ ಇದನ್ನು ಇನ್ನೂ ಕ್ಷಮಿಸಿಲ್ಲ.

ತಮ್ಮ ಆರ್ವಿಡ್‌ನನ್ನು ಹನ್ನೆರಡಕ್ಕೆ ಬೇಟೆಗೆ ಕರೆದೊಯ್ದ.
ಬಿದ್ದ ಜಿಂಕೆಯ ಕಣ್ಣು ನೋಡಿ ಹುಡುಗ ವಾಂತಿ ಮಾಡಿಕೊಂಡ.
ಅಪ್ಪ ಬೈಯಲಿಲ್ಲ, ತಲೆ ಸವರಲೂ ಇಲ್ಲ,
ಹಿಮ ಉಜ್ಜಿ ಅವನ ಮುಖ ತೊಳೆದ.
ಆಮೇಲೂ ಪ್ರತಿ ನವೆಂಬರಿಗೆ
ಕಿತ್ತಳೆ ಕೋಟು ತೊಟ್ಟು, ಕೋವಿ ಹೊತ್ತು ಹೋಗುತ್ತಲೇ ಇದ್ದ.
ಮೊನ್ನೆ ಶೆಡ್ಡಿನಲ್ಲಿ ಗುಂಡಿನ ಡಬ್ಬಿ ಸಿಕ್ಕಿತು,
ಮೊಹರು ಒಡೆದಿಲ್ಲ,
ಮೇಲಿನ ಚೀಟಿ ಮುಚ್ಚಿ ಇಪ್ಪತ್ತು ವರ್ಷವಾದ ಅಂಗಡಿಯದು.
ಹಾಗಾದರೆ ಚಳಿಗಾಲವೆಲ್ಲ ನಾವು ತಿಂದ ಮಾಂಸ?
"ಪಕ್ಕದ ಮನೆಯ ಎರ್ಕಿಯದು," ಎಂದಳು ಅಮ್ಮ,
"ಊರಿಗೆ ಗೊತ್ತಾಗೋದು ಬೇಡ,"
ಆ ಸಾಲನ್ನು ಎರಡೆರಡು ಸಲ ಹೊಡೆದಳು.

ಶನಿವಾರ ಸೌನಾ. ಮೇಲಿನ ಹಲಗೆ ಅಪ್ಪನದು.
ನಾವೆಲ್ಲ ಬೆಂದ ಆಲೂಗಡ್ಡೆಯಂತೆ ಕೆಳಗೆ.
ಅವನ ಬಾಯಿಂದ ನಾನು ಅತಿ ಹೆಚ್ಚು ಕೇಳಿದ ಮಾತು:
"ಬಾಗಿಲು ಹಾಕು."

ಕೊನೆಯ ವಾರ ಮಾತ್ರ "ತೆಗಿ" ಎಂದ.
ಆಸ್ಪತ್ರೆಯ ಕಿಟಕಿಗಳು ತೆಗೆಯುವಂಥವಲ್ಲ.
ಆರ್ವಿಡ್ ಆರು ಮಹಡಿ ಇಳಿದು
ಕಾಫಿ ಲೋಟದಲ್ಲಿ ಹಿಮ ತುಂಬಿ ತಂದ.
ಅಪ್ಪ ಒಂದು ಬೆರಳು ಅದ್ದಿದ.
"ಇದು ಮೊನ್ನೆಯದು," ಎಂದ,
ತೂಕದಲ್ಲಿ ಮೋಸ ಮಾಡಿದ ಅಂಗಡಿಯವನನ್ನು ನೋಡುವಂತೆ
ಮಗನನ್ನು ನೋಡಿದ.
ಮೊನ್ನೆಯದೇ ಆಗಿತ್ತು.

ಸಂಜೆ ಪತ್ರಿಕೆಯವಳು ಮತ್ತೆ ಫೋನು ಮಾಡಿದಳು.
ಕನಿಷ್ಠ ದರ ಇಪ್ಪತ್ತು ಪದದ್ದು, ನಿಮ್ಮದು ಹದಿನಾರೇ ಆಯಿತು,
ಇನ್ನು ನಾಲ್ಕಕ್ಕೆ ಜಾಗವಿದೆ.
ನಾನು ಗುಂಡಿನ ಡಬ್ಬಿಯ ಕಡೆ ನೋಡಿದೆ.
ಅಮ್ಮ ರಿಸೀವರು ಕಸಿದುಕೊಂಡು,
ಬೆರಳು ಮಡಿಸುತ್ತ, ನಿಧಾನವಾಗಿ, ಬರೆಸಿದಳು:

ಮೀನು ತಾವೇ ಹಸನು ಮಾಡುತ್ತಿದ್ದರು.